ಮಾತು ತೆಗೆದು ಬರೀ ಹಾಡು ಕೊಡಿ ಅನ್ನುವವರಿಗೆ

ಜಾನ್ ಪ್ರೈನ್ ಎಂಬ ಅಮೆರಿಕದ ಜನಪದ ಶೈಲಿಯ ಗಾಯಕನ ಹೆಸರನ್ನು ನೀವು ಕೇಳಿಲ್ಲದಿದ್ದರೆ ತಪ್ಪೇನಿಲ್ಲ. ನನ್ನ ಜಗಳ ಇರೋದು ಕೇಳಿದವರ ಜೊತೆ. ಅದರಲ್ಲೂ 1988ರಲ್ಲಿ ಬಂದ 'ಜಾನ್ ಪ್ರೈನ್ ಲೈವ್' ಆಲ್ಬಮ್ ಕೇಳಿ, "ಹಾಡೆಲ್ಲ ಸೂಪರ್, ಆದ್ರೆ ಮಧ್ಯೆ ವಟವಟ ಜಾಸ್ತಿ" ಅಂತ ಮುಖ ಸಿಂಡರಿಸುವವರ ಜೊತೆ.

ಈ ಮಾತನ್ನು ನಾನು ಒಬ್ಬಿಬ್ಬರ ಬಾಯಲ್ಲಿ ಕೇಳಿದ್ದಲ್ಲ. ಆಫೀಸಿನ ಕ್ಯಾಂಟೀನಲ್ಲಿ ಕೇಳಿದ್ದೇನೆ, ವಾರಾಂತ್ಯಕ್ಕೆ ಗಿಟಾರ್ ಕಲಿಯುವ ಹುಡುಗರಿಂದ ಕೇಳಿದ್ದೇನೆ, ಆನ್‌ಸೈಟ್ ಹೋಗಿ ಎರಡು ವರ್ಷ ಕೂತು ಅಲ್ಲಿನ ಸಂಗೀತದ ರುಚಿ ಹತ್ತಿಸಿಕೊಂಡು ಬಂದ ಸೀನಿಯರುಗಳಿಂದಲೂ ಕೇಳಿದ್ದೇನೆ. ಹೇಳುವ ರೀತಿ ಬೇರೆ ಬೇರೆ, ತಿರುಳು ಒಂದೇ. ಸ್ಟುಡಿಯೋದಲ್ಲಿ ಮಾಡಿದ್ದೇ ಕ್ಲೀನಾಗಿದೆ. ಜೋಕು ಒಂದು ಸಲಕ್ಕೆ ಸರಿ, ಎರಡನೇ ಸಲ ಯಾರು ಕೇಳ್ತಾರೆ? ಜನ ನಗೋದು ಕಿರಿಕಿರಿ. ಇನ್ನು ಸ್ವಲ್ಪ ಗಂಭೀರ ಮುಖದವರು ಒಂದು ಹೆಜ್ಜೆ ಮುಂದೆ ಹೋಗಿ, ಅಷ್ಟು ಒಳ್ಳೆ ಕವಿ ಹೀಗೆ ಕೋಡಂಗಿ ಥರ ಆಡಬಾರದಿತ್ತು ಅಂತಲೂ ಅಪ್ಪಣೆ ಕೊಡಿಸಿದ್ದಾರೆ.

ಮೊದಲು ಈ ಮನುಷ್ಯ ಯಾರು ಅಂತ ಹೇಳಿಬಿಡ್ತೀನಿ. ಹುಟ್ಟಿದ್ದು 1946ರಲ್ಲಿ, ಶಿಕಾಗೋ ಪಕ್ಕದ ಮೇವುಡ್ ಎಂಬ ಊರಲ್ಲಿ. ಅಪ್ಪ ಅಮ್ಮ ಕೆಂಟಕಿಯ ಕಲ್ಲಿದ್ದಲು ಸೀಮೆಯಿಂದ ಬಂದವರು. ಅಣ್ಣನಿಂದ ಗಿಟಾರ್ ಕಲಿತ. ಸೇನೆಗೆ ಕರೆ ಬಂದು ಪಶ್ಚಿಮ ಜರ್ಮನಿಯಲ್ಲಿ ಮೆಕ್ಯಾನಿಕ್ ಆಗಿದ್ದ. ವಾಪಸ್ ಬಂದು ಪೋಸ್ಟ್‌ಮ್ಯಾನ್ ಕೆಲಸ ಮಾಡಿದ. ಬೀದಿ ಬೀದಿ ಅಲೆದು ಕಾಗದ ಹಾಕುತ್ತಲೇ ಮನಸ್ಸಿನಲ್ಲಿ ಹಾಡು ಕಟ್ಟಿಕೊಳ್ಳುತ್ತಿದ್ದ. 1970ರಲ್ಲಿ ಅವನ ಬಗ್ಗೆ ಮೊದಲು ದೊಡ್ಡದಾಗಿ ಬರೆದವನು ಸಂಗೀತ ವಿಮರ್ಶಕನಲ್ಲ, ಶಿಕಾಗೋ ಸನ್-ಟೈಮ್ಸ್ ಪತ್ರಿಕೆಯ ಸಿನಿಮಾ ವಿಮರ್ಶಕ ರೋಜರ್ ಎಬರ್ಟ್. ಎಬರ್ಟನೇ ಹೇಳಿಕೊಂಡ ಹಾಗೆ, ಅವತ್ತು ಥಿಯೇಟರಿನಲ್ಲಿ ಪಾಪ್‌ಕಾರ್ನಿಗೆ ಉಪ್ಪು ಜಾಸ್ತಿ ಆಗಿತ್ತಂತೆ. ಬಾಯಾರಿಕೆ ತಡೆಯಲಾರದೆ ಸಿನಿಮಾ ಬಿಟ್ಟು ಎದ್ದು ಬಿಯರ್ ಹುಡುಕಿಕೊಂಡು ಹೋದ ಜಾಗದಲ್ಲಿ ಈ ಪೋಸ್ಟ್‌ಮ್ಯಾನ್ ಹಾಡುತ್ತಿದ್ದ. ಮುಂದಿನ ವರ್ಷ ಮೊದಲ ಆಲ್ಬಮ್ ಬಂತು.

ಪೋಸ್ಟ್‌ಮ್ಯಾನ್ ಅನ್ನೋದನ್ನ ಸುಮ್ಮನೆ ಹೇಳಲಿಲ್ಲ. ಹಳ್ಳಿಯಲ್ಲಿ ಬೆಳೆದವರಿಗೆ ಗೊತ್ತು, ಕಾಗದ ಎಸೆದು ಸೈಕಲ್ ತಿರುಗಿಸಿಕೊಂಡು ಹೋಗುವ ಪೋಸ್ಟ್‌ಮ್ಯಾನ್ ಯಾವ ಊರಲ್ಲೂ ಇರಲಿಲ್ಲ. ಜಗುಲಿ ಮೇಲೆ ಕೂತು ನೀರು ಕುಡಿದು, ಮಗ ಬರೆದಿದ್ದಾನಾ, ಮಳೆ ಆಯ್ತಾ, ಆಚೆ ಬೀದಿಯಲ್ಲಿ ಯಾರು ಹೋಗಿಬಿಟ್ಟರು, ಇಷ್ಟೂ ಮುಗಿದ ಮೇಲೆ ಚೀಲಕ್ಕೆ ಕೈ ಹಾಕೋನು. ಕಾಗದಕ್ಕೆ ತೂಕ ಬರುತ್ತಿದ್ದದ್ದೇ ಆ ಮಾತಿನಿಂದ. ಪ್ರೈನ್ ವೇದಿಕೆ ಮೇಲೆ ಮಾಡುವುದು ಇದನ್ನೇ. 'ಹಲೋ ಇನ್ ದೇರ್' ಅಂತ ಅವನದೊಂದು ಹಾಡಿದೆ, ಮುದುಕರ ಒಂಟಿತನದ ಬಗ್ಗೆ. ಇಪ್ಪತ್ತು ದಾಟಿ ಇನ್ನೂ ಹೆಚ್ಚು ವರ್ಷ ಆಗಿರದ ಹುಡುಗ ಬರೆದದ್ದು. ಚಿಕ್ಕವನಿದ್ದಾಗ ವೃದ್ಧಾಶ್ರಮವೊಂದರಲ್ಲಿ ಕೋಣೆ ಕೋಣೆಗೆ ಹೋಗಿ ಪೇಪರ್ ಹಾಕುತ್ತಿದ್ದೆ ಅಂತ ಅವನೇ ಹೇಳಿದ್ದಾನೆ. ಇದನ್ನು ತಿಳಿದು ಆ ಹಾಡು ಕೇಳೋದಕ್ಕೂ ತಿಳಿಯದೆ ಕೇಳೋದಕ್ಕೂ ವ್ಯತ್ಯಾಸ ಇಲ್ಲ ಅನ್ನೋರು ಈ ಲೇಖನವನ್ನು ಇಲ್ಲಿಗೇ ನಿಲ್ಲಿಸಬಹುದು.

ಈಗ ಮಾತು ಜಾಸ್ತಿ ಅನ್ನೋ ದೂರಿಗೆ ಬರೋಣ.

ನನ್ನ ಸಹೋದ್ಯೋಗಿಯೊಬ್ಬ ಒಂದು ಘನಕಾರ್ಯ ಮಾಡಿದ. ಬುದ್ಧಿವಂತ, ಕೋಡ್ ರಿವ್ಯೂನಲ್ಲಿ ಒಂದು ಖಾಲಿ ಸಾಲು ಹೆಚ್ಚಿದ್ದರೂ ಬಿಡುವವನಲ್ಲ. ಶನಿವಾರ ಭಾನುವಾರ ಎರಡೂ ದಿನ ಕೂತು, ಆಡಾಸಿಟಿ ಸಾಫ್ಟ್‌ವೇರಿನಲ್ಲಿ ಇಡೀ ಆಲ್ಬಮ್ ತೆರೆದು, ಮಾತನ್ನೆಲ್ಲ ಕತ್ತರಿಸಿ, ಚಪ್ಪಾಳೆಗೆ ಫೇಡ್ ಕೊಟ್ಟು, ಹಾಡು ಮಾತ್ರ ಉಳಿಸಿ ಒಂದು 'ಕ್ಲೀನ್ ವರ್ಷನ್' ಮಾಡಿದ. ಸೋಮವಾರ ನನಗೆ ಪೆನ್ ಡ್ರೈವಿನಲ್ಲಿ ಕೊಟ್ಟು, "ಮಗಾ, ಈಗ ಕೇಳು, ನಾಯ್ಸ್ ಎಲ್ಲ ತೆಗ್ದಿದೀನಿ" ಅಂದ. ನಾಯ್ಸ್! ಒಬ್ಬ ಮನುಷ್ಯನ ಮಾತಿಗೆ ಇವನಿಟ್ಟ ಹೆಸರು ಅದು.

ಎರಡು ದಿನ ಬಿಟ್ಟು ಅವನೇ ಬಂದು ಕೇಳಿದ. "ಅದ್ರಲ್ಲಿ ಸಾಬು ಅಂತ ಒಂದು ಹಾಡಿದ್ಯಲ್ಲ, ಫಿಲ್ಲರ್ ಥರ ಇದೆ, ಅರ್ಥಾನೇ ಆಗಲ್ಲ, ಯಾರದು ಸಾಬು?"

ಹಾಡಿನ ಹೆಸರು 'ಸಾಬು ವಿಸಿಟ್ಸ್ ದ ಟ್ವಿನ್ ಸಿಟೀಸ್ ಅಲೋನ್'. ಮೊದಲು ಬಂದದ್ದು 1978ರ 'ಬ್ರೂಸ್ಡ್ ಆರೆಂಜ್' ಆಲ್ಬಮ್ಮಿನಲ್ಲಿ. ಲೈವ್ ಆಲ್ಬಮ್ಮಿನಲ್ಲಿ ಸಾಬು ಯಾರು, ಆ ಚಳಿ ದೇಶಕ್ಕೆ ಯಾಕೆ ಬಂದ ಅನ್ನೋದನ್ನು ಪ್ರೈನ್ ತನ್ನ ಧಾಟಿಯಲ್ಲಿ ಹೇಳಿಕೊಂಡೇ ಹಾಡಿಗೆ ಬರುತ್ತಾನೆ. ನನ್ನ ಗೆಳೆಯ ಕತ್ತರಿಸಿ ಬಿಸಾಡಿದ್ದು ಅದನ್ನೇ. ಉತ್ತರವನ್ನು ಡಿಲೀಟ್ ಮಾಡಿ ಆಮೇಲೆ ಪ್ರಶ್ನೆ ಕೇಳುವುದು ಅಂದರೆ ಇದು.

ಯಾರದು ಸಾಬು ಅಂತ ಬೆಂಗಳೂರಿನಲ್ಲಿ ಕೂತು ಕನ್ನಡದವನೊಬ್ಬ ಕೇಳಿದನಲ್ಲ, ಅದಕ್ಕೇ ನನಗೆ ಹೆಚ್ಚು ಉರಿದದ್ದು. ಸಾಬು ನಮ್ಮವನು ಮಾರಾಯ. ಎಚ್.ಡಿ. ಕೋಟೆ ತಾಲ್ಲೂಕು ಕಾರಾಪುರದವನು. ಈಗ ಕಬಿನಿ ಹಿನ್ನೀರಿನ ಪಕ್ಕ ರೆಸಾರ್ಟು, ಸಫಾರಿ ಜೀಪು ಅಂತ ನೀವೆಲ್ಲ ವೀಕೆಂಡಿಗೆ ಹೋಗ್ತೀರಲ್ಲ, ಅದೇ ಕಾರಾಪುರ. 1924ರಲ್ಲಿ ಅಲ್ಲಿ ಹುಟ್ಟಿದ. ಅಪ್ಪ ಆನೆ ಮಾವುತ. ಎಳವೆಯಲ್ಲೇ ಅನಾಥನಾಗಿ ಮೈಸೂರು ಮಹಾರಾಜರ ಆನೆ ಲಾಯದ ಆಸರೆಯಲ್ಲಿ ಬೆಳೆಯುತ್ತಿದ್ದ ಹುಡುಗ. ಕಿಪ್ಲಿಂಗನ ಕಥೆಯೊಂದನ್ನು ಸಿನಿಮಾ ಮಾಡಲು ರಾಬರ್ಟ್ ಫ್ಲಾಹರ್ಟಿ ಮೈಸೂರಿಗೆ ಬಂದಾಗ ಅವರ ತಂಡದ ಕಣ್ಣಿಗೆ ಬಿದ್ದ. 1937ರಲ್ಲಿ 'ಎಲಿಫೆಂಟ್ ಬಾಯ್' ಬಿಡುಗಡೆ ಆಯಿತು, ಹುಡುಗ ಜಗತ್ಪ್ರಸಿದ್ಧನಾದ. ಆಮೇಲೆ 'ದ ಥೀಫ್ ಆಫ್ ಬಾಗ್ದಾದ್', ಆಮೇಲೆ 'ಜಂಗಲ್ ಬುಕ್'. 1944ರಲ್ಲಿ ಅಮೆರಿಕದ ಪೌರನಾದ, ಎರಡನೇ ಮಹಾಯುದ್ಧದಲ್ಲಿ ಅವರ ಬಾಂಬರ್ ವಿಮಾನದಲ್ಲಿ ಗನ್ನರ್ ಆಗಿದ್ದ, ಪದಕ ಪಡೆದ. 1963ರಲ್ಲಿ ಹೃದಯಾಘಾತವಾಗಿ ಸತ್ತಾಗ ವಯಸ್ಸು 39. ಮಣ್ಣಾದದ್ದು ಕ್ಯಾಲಿಫೋರ್ನಿಯಾದಲ್ಲಿ.

ಪ್ರೈನ್ ಹಾಡಿನ ಕಲ್ಪನೆ ಏನೆಂದರೆ, ಈ ಆನೆ ಹುಡುಗನನ್ನು ಸಿನಿಮಾ ಪ್ರಚಾರಕ್ಕೆ ಅಂತ ಮಿನ್ನೆಸೋಟಾದ ಕಡೆ ಕಳಿಸಿಬಿಟ್ಟಿದ್ದಾರೆ. ಟ್ವಿನ್ ಸಿಟೀಸ್ ಅಂದರೆ ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್ ಅವಳಿ ನಗರಗಳು. ಜನವರಿಯಲ್ಲಿ ಅಲ್ಲಿ ಪಾದರಸ ಸೊನ್ನೆಗಿಂತ ಎಷ್ಟೋ ಕೆಳಗೆ ಇಳಿಯುತ್ತದೆ. ಕಾಕನಕೋಟೆ ಕಾಡಿನ ಅಂಚಿನಲ್ಲಿ ಆನೆಗೆ ಮೈ ಉಜ್ಜುತ್ತಿದ್ದ ಹುಡುಗ ಆ ಹಿಮದಲ್ಲಿ, ಯಾರೂ ಇಲ್ಲದೆ, ತನ್ನನ್ನು ಬೊಂಬೆ ಥರ ನೋಡೋಕೆ ಬಂದ ಜನರ ಮುಂದೆ ನಿಂತಿದ್ದಾನೆ. ಇದನ್ನು ಪ್ರೈನ್ ಹೇಳುವಾಗ ಜನ ನಗ್ತಾರೆ. ನಗಲೇಬೇಕು, ಅವನು ಹೇಳೋದು ಹಾಗಿರುತ್ತೆ. ಆಮೇಲೆ ಹಾಡು ಶುರುವಾಗುತ್ತೆ. ಅದು ತಮಾಷೆ ಹಾಡಲ್ಲ ಅಂತ ಜನಕ್ಕೆ ಗೊತ್ತಾಗೋ ಹೊತ್ತಿಗೆ ನಗು ಅರ್ಧಕ್ಕೆ ನಿಂತಿರುತ್ತೆ. ಆ ನಗು ಮೊದಲು ಬರದೇ ಇದ್ದರೆ ಈ ನಿಲ್ಲೋದು ಎಲ್ಲಿಂದ ಬರಬೇಕು?

ಬಿಳಿಯನೊಬ್ಬ ನಮ್ಮೂರ ಕಡೆಯ ಹುಡುಗನ ಬಗ್ಗೆ ಹಾಡು ಕಟ್ಟಿದ ಅನ್ನೋ ಹೆಮ್ಮೆಗೆ ಇದನ್ನೆಲ್ಲ ಬರೀತಿಲ್ಲ. ಹಾಗೆ ನೋಡಿದರೆ ಹಾಡಿನಲ್ಲಿರೋ ಸಾಬು ಕೂಡ ಹಾಲಿವುಡ್ಡು ತಯಾರಿಸಿದ ಸಾಬುವೇ. ಆದರೂ ಆ ಪೋಸ್ಟರಿನ ಹಿಂದೆ ಚಳಿಗೆ ನಡುಗುವ ಒಂದು ಮೈ ಇದ್ದಿರಬೇಕು ಅಂತ ಯೋಚಿಸಿದನಲ್ಲ, ಅದು ಸಾಕು. ಅಷ್ಟನ್ನು ನಾವು ಮಾಡಲಿಲ್ಲ. ಕಾರಾಪುರದಲ್ಲಿ ಹೋಗಿ ಸಾಬು ಅಂತ ಕೇಳಿ ನೋಡಿ, ಯಾವ ಸಾಬಪ್ಪ ಅಂತ ನಿಮ್ಮನ್ನೇ ಕೇಳ್ತಾರೆ.

ಇನ್ನೊಂದು ಉದಾಹರಣೆ ಕೊಡದೆ ಬಿಡಲಾರೆ. ಅದೇ ಆಲ್ಬಮ್ಮಿನಲ್ಲಿ 'ದಟ್ಸ್ ದ ವೇ ದಟ್ ದ ವರ್ಲ್ಡ್ ಗೋಸ್ ರೌಂಡ್' ಅನ್ನೋ ಹಾಡು ಬರುತ್ತೆ. ಅದರ ಪಲ್ಲವಿಯಲ್ಲಿ ನೀರಿನ ಅಳತೆ ಹೇಳುವ ಒಂದು ಮಾತಿದೆ, ಅಂಗುಲದ ಲೆಕ್ಕದಲ್ಲಿ. ಯಾರೋ ಹೆಂಗಸು ಪ್ರೈನ್ ಹತ್ತಿರ ಬಂದು, ಆ 'ಹ್ಯಾಪಿ ಎಂಚಿಲಾಡ' ಹಾಡು ಹೇಳಿ ಅಂತ ಕೇಳಿದಳಂತೆ. ಎಂಚಿಲಾಡ ಅಂದರೆ ಮೆಕ್ಸಿಕೋದವರು ರೊಟ್ಟಿಯೊಳಗೆ ಪಲ್ಯ ಗಿಲ್ಯ ಸುತ್ತಿ ಸಾರು ಸುರಿದು ತಿನ್ನುವ ತಿಂಡಿ. ಸಂತೋಷದ ಎಂಚಿಲಾಡ! ಇವನಿಗೆ ತಲೆಬುಡ ತಿಳಿಯಲಿಲ್ಲ, ನಾನು ಅಂಥ ಹಾಡೇ ಬರೆದಿಲ್ಲವಲ್ಲ ತಾಯಿ ಅಂದ. ಆಮೇಲೆ ಗೊತ್ತಾಯಿತು, ಅಂಗುಲದ ಮಾತು ಆಕೆಯ ಕಿವಿಯಲ್ಲಿ ತಿಂಡಿಯಾಗಿತ್ತು. ಈ ಕಥೆಯನ್ನು ಅವನು ಹೇಳೋದು ಹಾಡಿಗೆ ಮುಂಚೆ ಅಲ್ಲ, ನಂತರವೂ ಅಲ್ಲ. ಹಾಡನ್ನು ನಡುವೆ ನಿಲ್ಲಿಸಿ ಹೇಳ್ತಾನೆ. ಹೇಳಿ ಮುಗಿಸಿ ಹಾಡಿಗೆ ವಾಪಸ್ ಬಂದಾಗ ಆಕೆಯ ತಪ್ಪು ಪಾಠವನ್ನೇ ಹಾಡ್ತಾನೆ. ಜನ ಹುಚ್ಚೆದ್ದು ಕಿರುಚ್ತಾರೆ.

ಇಲ್ಲಿ ಮಾತು ಎಲ್ಲಿ ಮುಗೀತು, ಹಾಡು ಎಲ್ಲಿ ಶುರುವಾಯ್ತು ಹೇಳಿ ನೋಡೋಣ. ನನ್ನ ಗೆಳೆಯನ ಕ್ಲೀನ್ ವರ್ಷನ್ನಿನಲ್ಲಿ ಹಾಡು ನಡುವೆ ಒಮ್ಮೆ ಎಗರಿ, ಇದ್ದಕ್ಕಿದ್ದ ಹಾಗೆ ಯಾರೂ ಕೇಳದ ತಿಂಡಿಯೊಂದು ಸಾಹಿತ್ಯದೊಳಗೆ ನುಗ್ಗಿಬಿಡುತ್ತೆ. ಹಳೇ ಕ್ಯಾಸೆಟ್ಟಿನಲ್ಲಿ ಟೇಪು ಸಿಕ್ಕಿಹಾಕಿಕೊಂಡ ಹಾಗೆ. ನಮ್ಮ ಕೆಲಸದ ಭಾಷೆಯಲ್ಲಿ ಹೇಳೋದಾದರೆ, ಇವನು ತೆಗೆದದ್ದು ಕಾಮೆಂಟ್ ಅಂದುಕೊಂಡಿದ್ದ, ಅದು ಕೋಡೇ ಆಗಿತ್ತು.

ಮತ್ತೊಂದು ಸಂಗತಿ ನನಗೆ ಬಹಳ ಇಷ್ಟ. ಈ ಕಥೆಯಲ್ಲಿ ತಪ್ಪು ಕೇಳಿಸಿಕೊಂಡವಳು ಒಬ್ಬ ಕೇಳುಗಳು. ಪ್ರೈನ್ ಅವಳನ್ನು ಗೇಲಿ ಮಾಡಿ ಓಡಿಸಲಿಲ್ಲ, ಅವಳ ಕಿವಿಯ ಪಾಠಕ್ಕೆ ತನ್ನ ಹಾಡಿನೊಳಗೇ ಜಾಗ ಮಾಡಿಕೊಟ್ಟ. ಕೇಳುಗರಿಗೆ ಇಷ್ಟು ಮರ್ಯಾದೆ ಕೊಟ್ಟ ಹಾಡುಗಾರನಿಗೆ ಕೇಳುಗರು ಕೊಡೋ ಮರ್ಯಾದೆ ಏನು? ಫಾರ್ವರ್ಡ್ ಬಟನ್.

ಜೋಕು ಎರಡನೇ ಸಲ ಹಳಸುತ್ತೆ ಅನ್ನೋ ವಾದವಂತೂ ಕನ್ನಡಿಗರ ಬಾಯಲ್ಲಿ ಬರಲೇಬಾರದು. ನರಸಿಂಹರಾಜು ಅವರ ಯಾವ ದೃಶ್ಯವನ್ನು ನಾವು ಒಂದೇ ಸಲ ನೋಡಿ ಬಿಟ್ಟಿದ್ದೇವೆ? ಮಾಸ್ಟರ್ ಹಿರಣ್ಣಯ್ಯನವರ 'ಲಂಚಾವತಾರ'ಕ್ಕೆ ನಾಲ್ಕು ನಾಲ್ಕು ಸಲ ಹೋದವರು ನಮ್ಮ ಮನೆಯಲ್ಲೇ ಇದ್ದಾರೆ. ಕಥೆ ಏನಾಗುತ್ತೆ ಅಂತ ತಿಳಿಯೋಕೆ ಹೋದದ್ದಲ್ಲ. ಎಲ್ಲಿ ತಡೀತಾರೆ, ಎಲ್ಲಿ ಬಿಡ್ತಾರೆ, ಇವತ್ತು ಯಾರಿಗೆ ಇಕ್ತಾರೆ ಅಂತ ನೋಡೋಕೆ. ರೆಕಾರ್ಡಿನಲ್ಲಿ 'ಇವತ್ತು' ಇರೋದಿಲ್ಲ, ಒಪ್ಪೋಣ. ಆದರೆ ತಡೆಯೋದು ಬಿಡೋದು ಇರುತ್ತಲ್ಲ. ಪ್ರೈನ್ ಮಾತಾಡೋದನ್ನು ಗಮನವಿಟ್ಟು ಕೇಳಿ. ಆತುರ ಅನ್ನೋದಿಲ್ಲ. ಜನಕ್ಕೆ ನಗು ಬರೋ ಜಾಗದಲ್ಲಿ ಅವನು ಅರೆಗಳಿಗೆ ಹಿಂದೆ ಸರಿದು ನಿಲ್ತಾನೆ, ತನಗೂ ಈಗಷ್ಟೇ ಅದು ಹೊಳೆಯಿತೇನೋ ಅನ್ನೋ ಹಾಗೆ. ಐದನೇ ಸಲ ಕೇಳಿದಾಗ ನಗು ಬರುವುದು ಆ ಸರಿಯುವುದಕ್ಕೆ.

ಜನ ನಗುವ ಸದ್ದು ಕಿರಿಕಿರಿ ಅನ್ನೋರಿಗೆ ಏನು ಹೇಳಲಿ. ಮದುವೆ ಮನೆಗೆ ಹೋಗಿ ಜನ ಜಾಸ್ತಿ ಅಂದ ಹಾಗಾಯ್ತು.

ಹಾಗಂತ ವೇದಿಕೆ ಮೇಲಿನ ಎಲ್ಲ ಮಾತಿಗೂ ನಾನು ವಕಾಲತ್ತು ಹಾಕ್ತಿಲ್ಲ. ನಮ್ಮೂರ ಆರ್ಕೆಸ್ಟ್ರಾಗಳ ಮಾತು ನನಗೂ ಗೊತ್ತು. ಹಲೋ ಹಲೋ ಮೈಕ್ ಟೆಸ್ಟಿಂಗ್ ಅಂತ ಹದಿನೈದು ನಿಮಿಷ, ಶಾಮಿಯಾನ ಕೊಟ್ಟವರಿಗೆ, ಜನರೇಟರ್ ಕೊಟ್ಟವರಿಗೆ, ಪಂಚಾಯಿತಿ ಮಾಜಿ ಮೆಂಬರಿಗೆ ವಂದನೆ ಅಂತ ಇನ್ನು ಹದಿನೈದು ನಿಮಿಷ. ಅದನ್ನು ಯಾರಾದರೂ ಆಡಾಸಿಟಿಯಲ್ಲಿ ಕತ್ತರಿಸಿ ಕೊಟ್ಟರೆ ಅವರ ಕಾಲಿಗೆ ಬೀಳ್ತೀನಿ. ಅಮೆರಿಕದವರಲ್ಲೂ ಬಾಯಿ ತೆರೆದರೆ ತಮ್ಮ ಪ್ರವಾಸದ ಬಸ್ಸು, ಹೋಟೆಲಿನ ತಿಂಡಿ ಬಿಟ್ಟು ಬೇರೆ ಹೇಳೋಕೆ ಬಾರದ ಹಾಡುಗಾರರಿದ್ದಾರೆ. ಪ್ರಶ್ನೆ ಮಾತಿದೆಯಾ ಇಲ್ವಾ ಅನ್ನೋದಲ್ಲ, ಆ ಮಾತು ಹಾಡಿಗೆ ಏನಾಗಬೇಕು ಅನ್ನೋದು. ಈ ಪ್ರಶ್ನೆಯನ್ನು ಕೇಳಿಕೊಳ್ಳುವಷ್ಟು ಹೊತ್ತು ಕೂಡ ಕೊಡದೆ ತೀರ್ಪು ಕೊಡ್ತಾರಲ್ಲ, ಅದಕ್ಕೆ ನನ್ನ ತಕರಾರು.

ಹರಿಕಥೆ ಕೇಳಿದವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಿಲ್ಲ. ದಾಸರು ಗಜೇಂದ್ರಮೋಕ್ಷ ಹೇಳ್ತಾ ಹೇಳ್ತಾ, ಆನೆ ಕಾಲು ಮೊಸಳೆ ಬಾಯಲ್ಲಿರುವಾಗಲೇ ಕಥೆ ನಿಲ್ಲಿಸಿ, ಸೊಸೆ ಮಾಡಿದ ಉಪ್ಪಿಟ್ಟಿನ ಕಥೆಗೆ ಹೋಗಿಬಿಡೋರು. ಅದು ಉಪಕಥೆ. ಜನ ಬಿದ್ದು ಬಿದ್ದು ನಗೋರು. ನಗ್ತಾ ಇರುವಾಗಲೇ ತಾಳ ಬಿದ್ದು, ಆನೆ ಕೂಗು ಕೇಳಿಸೋದು. ಮೊಸಳೆಯನ್ನು ಮರೆಸಿದ್ದು ಯಾಕೆ ಅಂತ ಆಗ ಗೊತ್ತಾಗೋದು. ಉಪಕಥೆ ತೆಗೆದು ಹರಿಕಥೆ ಕೊಡಿ ಅಂತ ನಮ್ಮೂರಲ್ಲಿ ಯಾರೂ ಕೇಳಿದ್ದು ನನಗೆ ನೆನಪಿಲ್ಲ. ಅವರು ಯಾರೂ ಬಿ.ಇ. ಓದಿರಲಿಲ್ಲ, ಅದಿರಬಹುದು.

ಕೋಡಂಗಿ ಅಂದವರ ವಿಷಯ ಬೇರೆ. ಅವರ ತಲೆಯಲ್ಲಿ ಒಂದು ಏಣಿ ಇದೆ. ಮೇಲಿನ ಮೆಟ್ಟಿಲಲ್ಲಿ ದುಃಖ, ಕೆಳಗಿನ ಮೆಟ್ಟಿಲಲ್ಲಿ ನಗು. ಪ್ರೈನ್ ಬರೆದ 'ಸ್ಯಾಮ್ ಸ್ಟೋನ್' ಯುದ್ಧದಿಂದ ಮಾದಕದ ಚಟ ಅಂಟಿಸಿಕೊಂಡು ಮನೆಗೆ ಬಂದ ಸೈನಿಕನೊಬ್ಬನ ಹಾಡು. ವಿಯೆಟ್ನಾಂ ಕಾಲದ ಅತ್ಯಂತ ಕಠೋರವಾದ ಹಾಡುಗಳಲ್ಲಿ ಒಂದು, ಅನುಮಾನ ಬೇಡ. ಅದನ್ನು ಬರೆದವನು ಎಂಚಿಲಾಡ ಕಥೆ ಹೇಳಬಾರದಂತೆ, ತೂಕ ಕಡಿಮೆಯಾಗುತ್ತಂತೆ. ಇವರಿಗೆ ಗೊತ್ತಿರಬೇಕಾದ ವಿಷಯ, ಆ ಎರಡೂ ಒಂದೇ ಕಣ್ಣು ಕಂಡದ್ದು. ಪೋಸ್ಟ್‌ಮ್ಯಾನ್ ಆಗಿದ್ದಾಗ ರೀಡರ್ಸ್ ಡೈಜೆಸ್ಟ್ ಪತ್ರಿಕೆಯ ಜೊತೆ ಬಾವುಟದ ಸ್ಟಿಕ್ಕರ್ ಪುಕ್ಕಟೆ ಬಂತಂತೆ, ಇವನೇ ಮನೆಮನೆಗೆ ಹಂಚಿದ, ಮಾರನೇ ದಿನ ನೋಡಿದರೆ ಊರೆಲ್ಲ ಸ್ಟಿಕ್ಕರ್. ಅಲ್ಲಿಂದ ಹುಟ್ಟಿದ್ದು ಯುದ್ಧ ವಿರೋಧಿ ಹಾಡು, ಬಾವುಟ ಅಂಟಿಸಿದ ಮಾತ್ರಕ್ಕೆ ಸ್ವರ್ಗದ ಬಾಗಿಲು ತೆರೆಯೋದಿಲ್ಲ ಅನ್ನೋ ಅರ್ಥದ್ದು. ನಗಿಸುತ್ತೆ. ಹಾಗೇ ಕೆನ್ನೆಗೆ ಬಾರಿಸುತ್ತೆ. ಇದು ಏಣಿಯ ಯಾವ ಮೆಟ್ಟಿಲಿಗೆ ಬರುತ್ತೆ ಅಂತ ಆ ಗಂಭೀರರೇ ಹೇಳಲಿ.

ಇದೆಲ್ಲ ಬರೀ ಅಭಿರುಚಿಯ ಪ್ರಶ್ನೆಯಾಗಿದ್ದರೆ ಇಷ್ಟು ಬರೆಯೋ ಅಗತ್ಯ ಇರಲಿಲ್ಲ, ನಿಮಗೆ ಬೇಡವಾದ್ದು ನೀವು ಕೇಳಬೇಡಿ ಅಂತ ಸುಮ್ಮನಾಗುತ್ತಿದ್ದೆ. ಆದರೆ ಈ ಅಸಹನೆಗೆ ಈಗ ದುಡ್ಡಿನ ಬಲ ಸೇರಿದೆ. ಸ್ಪಾಟಿಫೈನಲ್ಲಿ ಒಂದು ಹಾಡನ್ನು 30 ಸೆಕೆಂಡು ಕೇಳಿದರೆ ಒಂದು ಪ್ಲೇ ಅಂತ ಲೆಕ್ಕ. ಎರಡು ನಿಮಿಷದ ಹಾಡಾದರೂ ಒಂದು, ಏಳು ನಿಮಿಷದ್ದಾದರೂ ಒಂದೇ. ಮೊದಲ 30 ಸೆಕೆಂಡಿನಲ್ಲಿ ಹಾಡುಗಾರ ಗಂಟಲು ಸರಿಮಾಡಿಕೊಂಡು ನಮ್ಮ ಸೋದರಮಾವ ಒಬ್ಬನಿದ್ದ ಅಂತ ಶುರು ಮಾಡಿದರೆ, ಬಸ್ಸಿನಲ್ಲಿ ಕೂತವನು ಮುಂದಿನದಕ್ಕೆ ಹಾರ್ತಾನೆ, ಲೆಕ್ಕಕ್ಕೆ ಬರೋದಿಲ್ಲ. ಹೀಗಿರುವಾಗ ಕಂಪನಿಯವರು ಏನು ಮಾಡ್ತಾರೆ? ಮಾತನ್ನು ಬೇರೆ ಟ್ರ್ಯಾಕ್ ಮಾಡಿ ಪಕ್ಕಕ್ಕಿಡ್ತಾರೆ, ಇಲ್ಲವೇ ಕತ್ತರಿಸ್ತಾರೆ. ಬೇರೆ ಟ್ರ್ಯಾಕ್ ಮಾಡಿದ್ದು ಶಫಲ್‌ನಲ್ಲಿ ಎಲ್ಲೋ ಹೋಗುತ್ತೆ. ಸಾಬುವಿನ ಕಥೆ ಮುಗಿದ ಮೇಲೆ ಯಾರದೋ ಬ್ರೇಕಪ್ ಹಾಡು ಬರುತ್ತೆ.

ಇಂಥ ವ್ಯವಸ್ಥೆಗಳನ್ನು ಕಟ್ಟೋದು ನಮ್ಮಂಥವರೇ. ಎಲ್ಲಿ ಬೋರಾಗಿ ಬಿಟ್ಟುಹೋದರು ಅಂತ ಗ್ರಾಫ್ ಹಾಕಿ, ಕೆಳಗೆ ಇಳಿದ ಜಾಗವನ್ನು ಕೆಂಪು ಮಾಡಿ ಮೀಟಿಂಗಿನಲ್ಲಿ ತೋರಿಸುತ್ತೇವೆ. ಆ ಕೆಂಪು ಜಾಗದಲ್ಲಿ ಒಬ್ಬ ಮನುಷ್ಯ ಕಾರಾಪುರದ ಹುಡುಗನ ಕಥೆ ಹೇಳುತ್ತಿದ್ದ ಅಂತ ಗ್ರಾಫಿನಲ್ಲಿ ಬರೆದಿರೋದಿಲ್ಲ.

1998ರಲ್ಲಿ ಪ್ರೈನ್‌ಗೆ ಕುತ್ತಿಗೆಯ ಕ್ಯಾನ್ಸರ್ ಆಯಿತು. ಚಿಕಿತ್ಸೆ ಮುಗಿದಾಗ ದನಿ ಒಡೆದು ತಗ್ಗಿಹೋಗಿತ್ತು, ಆದರೂ ಮತ್ತೆ ಇಪ್ಪತ್ತು ವರ್ಷ ಹಾಡಿದ. 2020ರ ಏಪ್ರಿಲ್ 7ರಂದು ಕೋವಿಡ್‌ನಿಂದ ನ್ಯಾಶ್‌ವಿಲ್‌ನಲ್ಲಿ ತೀರಿಕೊಂಡ. ನಾವೆಲ್ಲ ಆಗ ಮನೆಯಲ್ಲಿ ಬೀಗ ಹಾಕಿಕೊಂಡು ಕೂತಿದ್ದೆವು. ಅವನ ಹಾಡನ್ನು ಇನ್ನು ಯಾರು ಬೇಕಾದರೂ ಹಾಡಬಹುದು, ಅವನಿಗಿಂತ ಚೆನ್ನಾಗಿ ಹಾಡುವವರು ಅವನು ಬದುಕಿದ್ದಾಗಲೇ ಬೇಕಾದಷ್ಟು ಜನ ಇದ್ದರು. 'ಏಂಜಲ್ ಫ್ರಮ್ ಮಾಂಟ್ಗೊಮರಿ' ಹಾಡನ್ನು ಬಾನಿ ರೇಟ್ ಹಾಡಿದ್ದೇ ಹೆಚ್ಚು ಜನಕ್ಕೆ ಗೊತ್ತು. ಇದೇ ಲೈವ್ ಆಲ್ಬಮ್ಮಿನಲ್ಲಿ ಆಕೆ ಜೊತೆಗೂಡಿ ಹಾಡಿದ್ದಾರೆ ಕೂಡ. ಆದರೆ ಎಂಚಿಲಾಡದ ಕಥೆಯನ್ನು ಬಾನಿ ರೇಟ್ ಹೇಳೋಕೆ ಆಗೋದಿಲ್ಲ, ಯಾರೂ ಹೇಳೋಕಾಗೋದಿಲ್ಲ. ಅದು ಆ ಗಂಟಲಿನಿಂದಲೇ, ಅಷ್ಟೇ ನಿಧಾನಕ್ಕೆ ಬರಬೇಕು.

ಪೆನ್ ಡ್ರೈವನ್ನು ಗೆಳೆಯನಿಗೆ ವಾಪಸ್ ಕೊಟ್ಟು, ಮಾತು ಕತ್ತರಿಸಿದ ಚೂರುಗಳನ್ನು ಎಲ್ಲಿಟ್ಟಿದ್ದೀಯ ಅಂತ ಕೇಳಿದೆ. ಡಿಲೀಟ್ ಮಾಡಿದೆ ಅಂದ. ಒರಿಜಿನಲ್ ಇದೆಯಲ್ಲ, ಅದರಿಂದ ಆ ಚೂರುಗಳನ್ನಷ್ಟೇ ತೆಗೆದು ನನಗೊಂದು ಫೈಲ್ ಮಾಡಿಕೊಡು, ಹಾಡು ನೀನಿಟ್ಟುಕೋ ಅಂದೆ. ತಮಾಷೆ ಅಂದುಕೊಂಡ. ಅವಸರದವರಿಗೆ ಬೇಕಾದ್ದು ಹೇಗೂ ಇದೆ, 'ಬ್ರೂಸ್ಡ್ ಆರೆಂಜ್' ಹಾಕಿಕೊಳ್ಳಲಿ, ಸಾಬು ಹಾಡೂ ಅಲ್ಲೇ ಇದೆ, ಎಂಚಿಲಾಡ ಇಲ್ಲದ ಆ ಹಾಡೂ ಅಲ್ಲೇ ಇದೆ, ನಡುವೆ ಯಾರೂ ಮಾತಾಡೋದಿಲ್ಲ. ಲೈವ್ ಆಲ್ಬಮ್ಮನ್ನು ನಮಗೆ ಬಿಟ್ಟುಬಿಡಿ.